ಏಳನೆಯದನ್ನು ಬಿಟ್ಟು

ವಿಜಯಪುರದಲ್ಲಿ ಮನೆ ಇದ್ದವರಿಗೆ ಒಂದು ಕೆಲಸ ತಪ್ಪಿದ್ದಲ್ಲ. ನೆಂಟರು ಬಂದಾಗಲೆಲ್ಲ ಅವರ ಜೊತೆ ಗೋಳಗುಮ್ಮಟ ಹತ್ತಬೇಕು. ಅವರ ಮಕ್ಕಳು ಒಮ್ಮೆ "ಓ" ಅಂದರೆ ಗುಮ್ಮಟ ಏಳು ಸಲ "ಓ" ಅನ್ನುತ್ತದೆ. ಅವರಿಗೆ ಖುಷಿ, ನಮಗೆ ಕಿವಿನೋವು. ಆದರೂ ಗುಮ್ಮಟ ಪಾಪದ್ದು. ಹೇಳಿದ್ದನ್ನು ತಿರುಗಿ ಹೇಳುತ್ತದೆ, ಅಷ್ಟೇ. "ಮಲಗು" ಅಂದರೆ ಮಲಗುವುದಿಲ್ಲ.

ನನ್ನ ಹತ್ತಿರ ಇರುವವು ಮಲಗಿಬಿಡುತ್ತವೆ.

ನಾನು ಇಲ್ಲಿಯ ಒಂದು ಕಾಲೇಜಿನಲ್ಲಿ ಲಿನಕ್ಸ್ ಕ್ಲಸ್ಟರ್ ನೋಡಿಕೊಳ್ಳುತ್ತೇನೆ. ಹೆಸರು ದೊಡ್ಡದು. ಇರುವುದು ಒಟ್ಟಿಗೆ ಜೋಡಿಸಿದ 16 ಹಳೇ ಕಂಪ್ಯೂಟರ್. ಸಂಶೋಧನೆ ಮಾಡುವವರು ಲೆಕ್ಕ ಕೊಡುತ್ತಾರೆ, ಸ್ಲರ್ಮ್ ಅನ್ನೋ ತಂತ್ರಾಂಶ ಅದನ್ನು ಸಾಲಿನಲ್ಲಿ ನಿಲ್ಲಿಸಿ ಹಂಚುತ್ತದೆ. ಎಲ್ಲಕ್ಕೂ ಒಂದೇ ಮಾತು ಹೇಳಬೇಕಾದಾಗ ಪಿಡಿಎಸ್‌ಎಚ್ ಅಂತ ಒಂದು ಕಮಾಂಡ್ ಇದೆ. ಎರಡೂ ಅಮೆರಿಕದ ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಹುಟ್ಟಿದವು. ಅಲ್ಲಿಯ ದೈತ್ಯ ಯಂತ್ರಗಳಿಗಾಗಿ ಮಾಡಿದ್ದು, ಹಾಗಾಗಿ ಪಿಡಿಎಸ್‌ಎಚ್ ನಾವೇನೂ ಹೇಳದಿದ್ದರೆ ಒಂದೇ ಏಟಿಗೆ 32 ಯಂತ್ರಗಳ ಜೊತೆ ಮಾತಾಡುತ್ತದೆ. ನನ್ನ ಹದಿನಾರು ಅದಕ್ಕೆ ಉಪ್ಪಿನಕಾಯಿ.

ಅದರಲ್ಲಿ ಎರಡು ಅಕ್ಷರ ನೆನಪಿಡಬೇಕು. ಡಬ್ಲ್ಯೂ ಹಾಕಿದರೆ "ಇವಕ್ಕೆ ಹೇಳು". ಎಕ್ಸ್ ಹಾಕಿದರೆ "ಇವನ್ನು ಬಿಟ್ಟು ಹೇಳು".

ಕಿಟಕಿ ಪಕ್ಕದ ಏಳನೇ ಯಂತ್ರ ಧೂಳು ತಿಂದು ತಿಂದು ಜೋಳದ ಗಿರಣಿ ಹಾಗೆ ಸದ್ದು ಮಾಡುತ್ತಿತ್ತು. ಸಂಕ್ರಾಂತಿಗೆ ಎರಡು ದಿನ ಮೊದಲು ಅದನ್ನು ಡ್ರೇನ್ ಮಾಡಿದೆ. ಊಟದ ಪಂಕ್ತಿಯ ಲೆಕ್ಕವೇ: ಕೂತವರು ಉಂಡು ಏಳಲಿ, ಹೊಸಬರಿಗೆ ಎಲೆ ಹಾಕಬೇಡ. ಕಾರಣ ಬರೆಯದೆ ಸ್ಲರ್ಮ್ ಬಿಡುವುದಿಲ್ಲ. "ಧೂಳು" ಅಂತ ಬರೆದೆ.

ಭೋಗಿ ದಿನ ರಜೆ. ಬೆಳಗ್ಗೆ ಮನೆಯಲ್ಲೇ ಲ್ಯಾಪ್‌ಟಾಪ್ ತೆಗೆದೆ. ಬಲಗೈಯಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಚಟ್ನಿ. ಎಡಗೈ ಕೀಬೋರ್ಡ್ ಮೇಲೆ. ಮೊದಲು ಏಳನೆಯದನ್ನು ಬಿಟ್ಟು ಉಳಿದ ಹದಿನೈದಕ್ಕೆ "ಅಪ್‌ಟೈಮ್" ಕೇಳಿದೆ, ಅಂದರೆ ಎಷ್ಟು ದಿನದಿಂದ ಎದ್ದು ಕೂತಿದ್ದೀರಿ ಅಂತ. ಎಲ್ಲ ಆರಾಮ. ಇನ್ನು ಏಳನೆಯದನ್ನು ಆಫ್ ಮಾಡಬೇಕು. ಒಂದೇ ಕೈಯಲ್ಲಿ ಪೂರ್ತಿ ಯಾರು ಟೈಪ್ ಮಾಡ್ತಾರೆ? ಮೇಲಿನ ಬಾಣದ ಕೀ ಒತ್ತಿದೆ. ಹಳೇ ಸಾಲು ಬಂತು. ಕೊನೆಯ "ಅಪ್‌ಟೈಮ್" ಅಳಿಸಿ "ಶಟ್‌ಡೌನ್" ಬರೆದೆ. ಎಂಟರ್.

ಒಂದು ಸಾಲು ಬರಬೇಕಿತ್ತು. ಒಂದೊಂದು ಯಂತ್ರಕ್ಕೂ ನೋಡ್ ಅಂತ ಹೆಸರು. ನೋಡ್ 03 ಸಂಪರ್ಕ ಕಡಿಯಿತು, ನೋಡ್ 11 ಸಂಪರ್ಕ ಕಡಿಯಿತು, ನೋಡ್ 01... ಸಾಲುಗಳು ಜಾತ್ರೆ ಜನದ ಹಾಗೆ ನುಗ್ಗಿ ಬಂದವು. ಎಕ್ಸ್ ಅಲ್ಲೇ ಕೂತು ನನ್ನನ್ನು ನೋಡುತ್ತಿತ್ತು. ಚಟ್ನಿ ಕೈಯಲ್ಲೇ ಕಂಟ್ರೋಲ್-ಸಿ ಒತ್ತಿದೆ, ಅಂದರೆ "ನಿಲ್ಲಿಸು" ಅಂತ. ಈ ಪಿಡಿಎಸ್‌ಎಚ್ ಎಂಥಾ ಸಂಭಾವಿತ ಅಂದರೆ, ಮೊದಲ ಸಲ ಒತ್ತಿದರೆ ನಿಲ್ಲುವುದಿಲ್ಲ. ಯಾರ್ಯಾರ ಜೊತೆ ಮಾತು ನಡೆದಿದೆ ಅಂತ ವರದಿ ಒಪ್ಪಿಸುತ್ತದೆ. ಒಂದು ಸೆಕೆಂಡಿನೊಳಗೆ ಇನ್ನೊಮ್ಮೆ ಒತ್ತಿದರೆ ಮಾತ್ರ ಬಿಡುತ್ತದೆ. ನಾನು ವರದಿ ಓದುತ್ತಾ ಕೂತೆ.

ಸ್ಲರ್ಮ್‌ಗೂ ನಂಬಿಕೆ ಬರಲಿಲ್ಲ ಅನ್ನಿಸುತ್ತೆ. ಉತ್ತರ ಕೊಡದ ಯಂತ್ರಕ್ಕೆ ಅದು 300 ಸೆಕೆಂಡು ಕಾಯುತ್ತದೆ. ಐದು ನಿಮಿಷ ಆದಮೇಲೆ ಹದಿನೈದರ ಮುಂದೆ "ಡೌನ್" ಅಂತ ಬರೆಯಿತು.

ಮಲಗಿದ ಯಂತ್ರವನ್ನು ದೂರದಿಂದ ಎಬ್ಬಿಸಲು ವೇಕ್-ಆನ್-ಲ್ಯಾನ್ ಇದೆ. ಅದು ಯಂತ್ರದ ವಿಳಾಸವನ್ನು ಒಂದೇ ಉಸಿರಿಗೆ 16 ಸಲ ಹೇಳಿ ಕರೆಯುತ್ತದೆ, ಗುಮ್ಮಟಕ್ಕಿಂತ ಜಾಸ್ತಿ. ಆದರೆ ಮೊದಲೇ ಪ್ರತಿ ಯಂತ್ರದ ಬಯೋಸ್‌ನಲ್ಲಿ, ಅಂದರೆ ಯಂತ್ರದ ಒಳಗಿನ ಮೂಲ ಸೆಟ್ಟಿಂಗ್‌ನಲ್ಲಿ, ಅದನ್ನು ಆನ್ ಮಾಡಿಟ್ಟಿರಬೇಕು. ಮೂರು ವರ್ಷದಿಂದ "ಬರೋ ಶನಿವಾರ ಮಾಡೋಣ" ಅಂತಿದ್ದೆ.

ಉಳಿದದ್ದು ಕೈಯಲ್ಲಿ ಒತ್ತುವ ಬಟನ್. ಲ್ಯಾಬಿನ ಕೀಲಿ ಪ್ಯೂನ್ ಕಾಕಾನ ಹತ್ತಿರ. ಕಾಕಾ ಸಿದ್ಧೇಶ್ವರ ಜಾತ್ರೆಯಲ್ಲಿ, ಅದೂ ದನದ ಸಂತೆಯಲ್ಲಿ. ಫೋನ್ ಮಾಡಿದೆ.

"ಕಾಕಾ, ಕೀಲಿ ಬೇಕಾಗಿತ್ರಿ. ಹದಿನೈದು ಬಿದ್ದಾವು."

"ಏನ್ರಿ? ಎತ್ತು ಬಿದ್ದಾವಾ?"

"ಎತ್ತಲ್ರೀ, ನಮ್ಮ ಮಷಿನ್!"

"ಒಂದ ಸಲಕ್ಕ ಹದಿನೈದಾ? ಏನ್ ತಿನಿಸಿದ್ರಿ ಸರ?"

ಪಾಪ, ಜಾತ್ರೆ ಬಿಟ್ಟು ಬಂದರು. ಬಾಗಿಲು ತೆಗೆದರೆ ಒಳಗೆ ಕತ್ತಲೆ, ಮೌನ. ಏಳನೆಯದು ಮಾತ್ರ ಗೊರ್ರ್ ಅಂತ ಬೀಸುತ್ತಿತ್ತು. ಕಾಕಾ ಅದರ ಮೈದಡವಿ "ಇದೊಂದ ಉಳದೈತಿ ನೋಡ್ರಿ" ಅಂದರು.

ಒಂದೊಂದೇ ಬಟನ್ ಒತ್ತಿದೆವು. ಎದ್ದ ಮೇಲೂ ಸ್ಲರ್ಮ್ ಒಪ್ಪಲಿಲ್ಲ. "ಇದ್ದಕ್ಕಿದ್ದಂತೆ ರೀಬೂಟ್ ಆಗಿದೆ" ಅಂತ ಪ್ರತಿಯೊಂದರ ಮುಂದೆ ದೂರು ಬರೆದಿಟ್ಟಿತ್ತು. ನಾನೇ ರೆಸ್ಯೂಮ್ ಅಂತ ಹೇಳಿ ಕೆಲಸಕ್ಕೆ ಕಳಿಸಬೇಕಾಯಿತು.

ಆಮೇಲೆ ಲೆಕ್ಕಗಳ ಸಾಲು ನೋಡಿದೆ. ರಸಾಯನಶಾಸ್ತ್ರದಲ್ಲಿ ಪಿಎಚ್‌ಡಿ ಮಾಡುತ್ತಿರುವ ಹುಡುಗಿಯೊಬ್ಬಳ ಲೆಕ್ಕ ಬೆಳಗ್ಗೆ 6 ದಿನ 14 ತಾಸು ತೋರಿಸುತ್ತಿತ್ತು. ಈಗ 41 ಸೆಕೆಂಡು. ಸ್ಲರ್ಮ್ ನಿಷ್ಠೆಯಿಂದ ಅದನ್ನು ಮತ್ತೆ ಸಾಲಿಗೆ ಹಚ್ಚಿ ಮೊದಲಿಂದ ಶುರು ಮಾಡಿತ್ತು. ನಡುನಡುವೆ ಉಳಿಸಿಕೊಳ್ಳಮ್ಮ, ಚೆಕ್‌ಪಾಯಿಂಟ್ ಹಾಕು ಅಂತ ಹೋದ ವರ್ಷವೇ ಹೇಳಿದ್ದೆ. ಈಗ ಅದನ್ನು ನೆನಪಿಸುವ ಧೈರ್ಯ ನನಗಿರಲಿಲ್ಲ.

ಹಬ್ಬ ಮುಗಿದು ಕಾಲೇಜು ಶುರುವಾದ ದಿನ ಅವಳು ಬಂದಳು. ನಾನು ಮೊದಲೇ ಕುಸುರೆಳ್ಳಿನ ಡಬ್ಬಿ ತೆಗೆದಿಟ್ಟಿದ್ದೆ. ಒಂದು ಹಿಡಿ ಕೊಟ್ಟು "ತಗೋಳಮ್ಮ, ಒಳ್ಳೇದು ಮಾತಾಡೋಣು" ಅಂದೆ. ಅವಳು ತಗೊಂಡಳು, ಆದರೆ ತಿನ್ನಲಿಲ್ಲ.

"ಸರ, ಇದು ಬಾಯಾಗ ಹೋತಂದ್ರ ಒಳ್ಳೇದ ಮಾತಾಡಬೇಕಾಗ್ತೈತ್ರಿ. ಮೊದಲ ಹೇಳೂದು ಹೇಳಿ ಬಿಡ್ತೀನಿ. ಆಮ್ಯಾಲ ತಿಂತೀನಿ."

ಹೇಳಿ ಮುಗಿಸುವಷ್ಟರಲ್ಲಿ ಕುಸುರೆಳ್ಳು ಅವಳ ಮುಷ್ಟಿಯಲ್ಲೇ ಕರಗಿ ಅಂಟಾಗಿತ್ತು.