ಅಂತರ್ಜಲದಿಂದ ಉಪ್ಪಿಟ್ಟಿನವರೆಗೆ

ನಮ್ಮ ಕಾಲೇಜಿನ ದೈಹಿಕ ಶಿಕ್ಷಣ ನಿರ್ದೇಶಕರು ಕೊರಳಲ್ಲಿ ಸೀಟಿ ಇಲ್ಲದೆ ಓಡಾಡಿಯಾರು, ಬಾಯಲ್ಲಿ ‘ಇಂಟ್ರಾಮ್ಯೂರಲ್’ ಇಲ್ಲದೆ ಓಡಾಡಲಾರರು. ಒಂದೇ ಕಾಲೇಜಿನ ತಂಡಗಳು ತಮ್ಮತಮ್ಮಲ್ಲೇ ಆಡುವ ಪಂದ್ಯಗಳಿಗೆ ಆ ಹೆಸರು. ಕ್ಯಾಂಟೀನಿನಿಂದ ತರಿಸದೆ ಸ್ಟಾಫ್ ರೂಮಿನಲ್ಲೇ ಕಾಯಿಸಿದ ಚಹಾ ಕೂಡ ಅವರಿಗೆ ‘ಇಂಟ್ರಾಮ್ಯೂರಲ್ ಟೀ’. ಕೊನೆಯ ‘ರಲ್’ ಮಾತ್ರ ಸೀಟಿ ಊದಿದಷ್ಟೇ ಜೋರಾಗಿ ಬರುತ್ತದೆ.

ಕಳೆದ ವಾರ ಅವರು ಇಂಟ್ರಾಮ್ಯೂರಲ್ ಥ್ರೋಬಾಲ್ ಪಂದ್ಯಾವಳಿಯ ನೋಟಿಸನ್ನು ನನ್ನ ಮೇಜಿನ ಮೇಲಿಟ್ಟು, “ಸರ್, ಇದನ್ನು ಸ್ವಲ್ಪ ಕನ್ನಡಕ್ಕೆ ಮಾಡಿಕೊಡಿ” ಎಂದರು. ಲ್ಯಾಟಿನ್ನಿನಲ್ಲಿ ‘ಇಂಟ್ರಾ’ ಎಂದರೆ ಒಳಗೆ, ‘ಮೂರುಸ್’ ಎಂದರೆ ಗೋಡೆ. ಹಾಗೆಂದು ‘ಗೋಡೆಯೊಳಗಿನ ಥ್ರೋಬಾಲ್’ ಎಂದು ಬರೆದರೆ ಮಕ್ಕಳು ಇಟ್ಟಿಗೆಗಳ ನಡುವೆ ಆಡಬೇಕಾಗುತ್ತದೆ. (ವೈದ್ಯರಿಗೆ ಆ ತೊಂದರೆಯಿಲ್ಲ; ಗರ್ಭಕೋಶದ ಸ್ನಾಯುಗೋಡೆಯೊಳಗೇ ಬೆಳೆದ ಗಡ್ಡೆಗೆ ಸ್ಕ್ಯಾನಿಂಗ್ ವರದಿಯಲ್ಲಿ ಇದೇ ವಿಶೇಷಣ.) ಲಂಡನ್ನಿನಲ್ಲಿ ಊರೊಳಗೆ ಹೆಣ ಹೂಳುವುದಕ್ಕೂ ಇದೇ ಪದವಿತ್ತು, 1852ರ ಕಾಯ್ದೆ ಅದಕ್ಕೆ ಅಡ್ಡಗಾಲು ಹಾಕಿತು ಎಂದು ನಾನು ವಿವರಿಸತೊಡಗಿದಾಗ ಅವರು ಸೀಟಿಯನ್ನೊಮ್ಮೆ ಮುಟ್ಟಿಕೊಂಡು, “ಸರ್, ಪಂದ್ಯ ಶನಿವಾರ” ಎಂದಷ್ಟೇ ಹೇಳಿದರು.

ಅಂತರ್ಜಲವೆಂದರೆ ನೆಲದೊಳಗಿನ ನೀರು, ಅಂತರ್ಮುಖಿಯೆಂದರೆ ಒಳಮುಖಿಯಾದವನು. ಆದ್ದರಿಂದ ಕಾಲೇಜಿನೊಳಗಿನದು ‘ಅಂತರ್‌ಕಾಲೇಜು’ ಎಂದು ಹೆಮ್ಮೆಯಿಂದಲೇ ಬರೆದುಕೊಟ್ಟೆ. ಸಂಸ್ಕೃತದ ಈ ‘ಅಂತರ್’ಗೆ ‘ಒಳಗೆ’ ಎಂಬಂತೆಯೇ ‘ನಡುವೆ’ ಎಂಬ ಅರ್ಥವೂ ಇದೆಯೆಂಬುದನ್ನು ಕನ್ನಡದ ಮೇಷ್ಟ್ರಾದ ನಾನೇ ಮರೆತದ್ದು ಹೇಗೋ!

ಶನಿವಾರ ಬೆಳಿಗ್ಗೆ ಎಂಟೂವರೆಗೆ ಪಕ್ಕದ ತಾಲ್ಲೂಕಿನ ಕಾಲೇಜಿನ ಟೆಂಪೊ ಬಂದು ನಿಂತಿತು. ಸಮವಸ್ತ್ರದ 12 ಹುಡುಗಿಯರು, ಒಬ್ಬ ತರಬೇತುದಾರರು, ಅವರ ಮೊಬೈಲಿನಲ್ಲಿ ನನ್ನ ನೋಟಿಸಿನ ಫೋಟೊ. ದೂರದಿಂದ ಬಂದವರನ್ನು ವ್ಯಾಕರಣ ಹೇಳಿ ವಾಪಸು ಕಳಿಸುವುದುಂಟೇ? ಅವರು ಮೊದಲು ನಮ್ಮ ಮಕ್ಕಳಿಗೆಂದು ಮಾಡಿಸಿದ್ದ ಉಪ್ಪಿಟ್ಟನ್ನು ತಿಂದರು, ಆಮೇಲೆ ನಮ್ಮ ಅಂತಿಮ ಬಿ.ಎ. ತಂಡವನ್ನು ಸೋಲಿಸಿದರು. ನಿರ್ದೇಶಕರು ಇಡೀ ಬೆಳಿಗ್ಗೆ ನನ್ನ ಹತ್ತಿರ ಮಾತನಾಡಲಿಲ್ಲ. ಪ್ರತಿ ಪಾಯಿಂಟಿಗೂ ನನ್ನತ್ತ ತಿರುಗಿ ಸೀಟಿ ಊದಿದರು.

ಅಸಲಿಗೆ ನಮ್ಮ ಕಾಲೇಜಿನ ಪೂರ್ವದಿಕ್ಕಿಗೆ ಗೋಡೆಯೇ ಇಲ್ಲ. ಹೋದ ವರ್ಷದ ಮಳೆಗೆ ಬಿದ್ದ ಕಾಂಪೌಂಡು ಹಾಗೆಯೇ ಇದ್ದು, ಎಮ್ಮೆಗಳು ಕೋರ್ಟಿನ ಗೆರೆಯನ್ನು ತುಳಿದುಕೊಂಡು ಹೋಗುತ್ತವೆ. ನಾನು ಓದಿದ ಹೈಸ್ಕೂಲಿಗಂತೂ ಕಾಂಪೌಂಡೇ ಇರಲಿಲ್ಲ. ಹನ್ನೊಂದನೆಯವನು ಸಿಗದಿದ್ದರೆ ಪಕ್ಕದ ಬಯಲಲ್ಲಿ ದನ ಕಾಯುತ್ತಿದ್ದ ಹುಡುಗನನ್ನು ಕೂಗುತ್ತಿದ್ದೆವು. ಅವನು ಕೋಲನ್ನೇ ಸ್ಟಂಪಾಗಿ ನೆಟ್ಟು ಎರಡು ಓವರ್ ಹಾಕಿ, ದನ ಹೊಲಕ್ಕೆ ನುಗ್ಗಿದೊಡನೆ ಸ್ಟಂಪು ಕಿತ್ತುಕೊಂಡು ಓಡುತ್ತಿದ್ದ. ಅವನು ಒಳಗಿನವನೋ ಹೊರಗಿನವನೋ ಎಂದು ಯಾರೂ ಕೇಳಿದ ನೆನಪಿಲ್ಲ.

ಸೋಮವಾರ ಅಡುಗೆಯವರ ಚೀಟಿ ನನ್ನ ಮೇಜಿಗೆ ಬಂತು: ಹೆಚ್ಚುವರಿ ಉಪ್ಪಿಟ್ಟು, 18 ಪ್ಲೇಟು. ಅದರ ಕೆಳಗೆ ನಿರ್ದೇಶಕರು ಕೆಂಪು ಶಾಯಿಯಲ್ಲಿ, ಸ್ವಚ್ಛ ಕನ್ನಡ ಲಿಪಿಯಲ್ಲಿ ಷರಾ ಬರೆದಿದ್ದರು: ‘ಇದು ಇಂಟ್ರಾಮ್ಯೂರಲ್ ಖರ್ಚಲ್ಲ.’