ಡ್ಯೂಕ್ ಗೆಲ್ಲುತ್ತೆ, ಆದರೂ...

2025ರ ಏಪ್ರಿಲ್ ತಿಂಗಳ ಒಂದು ಬೆಳಗ್ಗೆ ಆರೂವರೆಗೆ ಡೋನಟ್ ಅಂಗಡಿಯ ಸಾಲಿನಲ್ಲಿ ನಿಂತಿದ್ದೆ. ಎರಡು ಡಜನ್ ಬೇಕಿತ್ತು. ಆಫೀಸಿನ ಬ್ರಾಕೆಟ್ ಪೈಪೋಟಿಯಲ್ಲಿ, ಅಂದರೆ ಕಾಲೇಜು ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯಲ್ಲಿ ಯಾರು ಗೆಲ್ಲುತ್ತಾರೆ ಅಂತ ಮೊದಲೇ ಬರೆದುಕೊಡುವ ಆಟದಲ್ಲಿ, ಕೊನೆಗೆ ಬಂದವನು ಎಲ್ಲರಿಗೂ ಡೋನಟ್ ತರಬೇಕು, ಅದು ನಮ್ಮಲ್ಲಿನ ಕಟ್ಟಳೆ. ನನಗಿದು ಮೂರನೇ ಸಲ. ಹಿಂದಿನ ರಾತ್ರಿ ಫ್ಲಾರಿಡಾ 65-63ರಲ್ಲಿ ಹ್ಯೂಸ್ಟನ್ನನ್ನು ಸೋಲಿಸಿ ಕಪ್ ಎತ್ತಿತು. ನನ್ನ ಹಾಳೆಯಲ್ಲಿ ಇವೆರಡೂ ಆ ಹೊತ್ತಿಗೆ ಮನೆ ಸೇರಿ ವಾರವಾಗಿತ್ತು.

ನಾರ್ತ್ ಕೆರೊಲಿನಾದಲ್ಲಿ ಮಾರ್ಚ್ ಬಂತೆಂದರೆ ಕೆಲಸ ಅನ್ನೋದು ಬರೀ ಹೆಸರಿಗೆ. ಕಾಲೇಜು ಬ್ಯಾಸ್ಕೆಟ್‌ಬಾಲಿನ 68 ತಂಡಗಳ ಪಟ್ಟಿ ಭಾನುವಾರ ಸಂಜೆ ಹೊರಬೀಳುತ್ತೆ. ಗುರುವಾರದ ಊಟದ ಹೊತ್ತಿಗೆ 63 ಪಂದ್ಯಗಳ ಫಲಿತಾಂಶ ಬರೆದು ಕೊಟ್ಟಿರಬೇಕು. ಹೀಗೆ ಬರೆಯೋಕೆ ಸುಮಾರು 92 ಲಕ್ಷ ಲಕ್ಷ ಕೋಟಿ ದಾರಿಗಳಿವೆಯಂತೆ. ಅಷ್ಟು ದೊಡ್ಡ ಸಂಖ್ಯೆಯನ್ನು ನಾನು ನಮ್ಮೂರಿನ ಬಜೆಟ್ಟಲ್ಲೂ ಕಂಡಿಲ್ಲ, ಹಗರಣದಲ್ಲೂ ಕಂಡಿಲ್ಲ. 2014ರಲ್ಲಿ ಎಲ್ಲವನ್ನೂ ಸರಿಯಾಗಿ ಹೇಳಿದವರಿಗೆ 100 ಕೋಟಿ ಡಾಲರ್ ಅಂತ ಸಾರಿದರು. ಅದರ ಬೆನ್ನಿಗೆ ನಿಂತವರು ವಾರೆನ್ ಬಫೆಟ್. ಅವರು ದುಡ್ಡು ಕಳಕೊಳ್ಳೋ ಪೈಕಿಯಲ್ಲ. ಕಳಕೊಳ್ಳಲೂ ಇಲ್ಲ.

ತೀರ್ಥಹಳ್ಳಿ ಕಡೆಯಿಂದ ಬಂದ ನನಗೆ ಬ್ಯಾಸ್ಕೆಟ್‌ಬಾಲ್ ಅಂದರೆ ಎತ್ತರದವರ ಆಟ ಅನ್ನೋದಷ್ಟೇ ಗೊತ್ತು. ಹಾಗಾಗಿ ತಜ್ಞರೇ ಗತಿ. 2018ರಲ್ಲಿ ಅವರ ಮಾತು ಕೇಳಿ ವರ್ಜೀನಿಯಾ ಅಂತ ಬರೆದೆ. ತಂಡಗಳನ್ನು ನಾಲ್ಕು ಗುಂಪು ಮಾಡಿ, ಪ್ರತಿ ಗುಂಪಿನಲ್ಲೂ ಒಂದರಿಂದ ಹದಿನಾರರವರೆಗೆ ಶ್ರೇಯಾಂಕ ಕೊಡುತ್ತಾರೆ. ಒಂದನೇ ಶ್ರೇಯಾಂಕದವರು ಹದಿನಾರನೆಯವರ ಮೇಲೆ 135 ಸಲ ಆಡಿ 135 ಸಲವೂ ಗೆದ್ದಿದ್ದರು. 136ನೆಯದಕ್ಕೆ ನಾನು ಬಂದೆ. ಬಾಲ್ಟಿಮೋರ್ ಪಕ್ಕದ ಯುಎಂಬಿಸಿ, ನಮ್ಮ ಹುಡುಗರು ಎಂ.ಎಸ್. ಮಾಡೋಕೆ ಹೋಗುವ, ಚೆಸ್ಸಿಗೆ ಹೆಸರಾದ ಕಾಲೇಜು, 74-54ರಲ್ಲಿ ವರ್ಜೀನಿಯಾವನ್ನು ಒಗೆದು ಹಿಂಡಿ ಹಾಕಿತು. 2023ರಲ್ಲಿ ಪರ್ಡ್ಯೂ ಅಂದೆ. ಅಲ್ಲಿ 7 ಅಡಿ 4 ಇಂಚಿನ ಝ್ಯಾಕ್ ಈಡಿ ಇದ್ದ, ನನಗೆ ಗೊತ್ತಿದ್ದ ಒಂದೇ ಸೂತ್ರಕ್ಕೆ ಸರಿಯಾಗಿ ಹೊಂದುತ್ತಿದ್ದ. ಅವರನ್ನು ಕೆಡವಿದ್ದು ಫೇರ್ಲಿ ಡಿಕಿನ್ಸನ್, ದೇಶದಲ್ಲೇ ಅತಿ ಕುಳ್ಳರ ತಂಡ.

ಟಿವಿಯಲ್ಲಿ ಒಬ್ಬರು ಬರುತ್ತಾರೆ. ಹೆಸರು ಬೇಡ, ಮನೆಯಲ್ಲಿ ನಾವು ಅವರನ್ನು ಆದರೂ ಮಹಾಶಯರು ಅನ್ನುತ್ತೇವೆ. ಅಂಗೈಯನ್ನು ಮೇಜಿಗೆ ಬಡಿದು, "ಗೆಲ್ಲೋದು ಡ್ಯೂಕ್, ಅನುಮಾನವೇ ಬೇಡ" ಅನ್ನುತ್ತಾರೆ. ಡ್ಯೂಕ್ ನಮ್ಮ ರಾಜ್ಯದ್ದೇ ಕಾಲೇಜು. ನಾನು ಪೆನ್ನೆತ್ತುತ್ತೇನೆ. ಅಷ್ಟರಲ್ಲಿ ಕನ್ನಡಕ ಮೂಗಿನ ತುದಿಗೆ ಜಾರುತ್ತೆ. "ಆದರೂ ಹ್ಯೂಸ್ಟನ್ನಿನ ಡಿಫೆನ್ಸ್ ಸಾಮಾನ್ಯದ್ದಲ್ಲ." ಪೆನ್ನು ಕೆಳಗೆ. "ಆದರೂ ಫ್ಲಾರಿಡಾ ಈಗ ಒಳ್ಳೇ ಫಾರ್ಮಲ್ಲಿದೆ. ಆದರೂ ಆಬರ್ನನ್ನು ಮರೆಯೋ ಹಾಗಿಲ್ಲ." ಯಾರು ಗೆದ್ದರೂ ಮರುದಿನ ಅದೇ ಟೈ ಕಟ್ಟಿಕೊಂಡು ಬಂದು, "ನಾನು ಅವತ್ತೇ ಹೇಳಿದ್ದೆ!" ಹೇಳಿದ್ದು ನಿಜವೇ, ಅದೇ ನನ್ನ ಹೊಟ್ಟೆಯುರಿ. ಈ ವಿದ್ಯೆಗೆ ಅವರಿಗೆ ಸಂಬಳ ಬೇರೆ. ನಾನೂ ಒಮ್ಮೆ ಮನೆಯಲ್ಲಿ ಪ್ರಯೋಗಿಸಿದೆ: "ಇವತ್ತು ಪಾತ್ರೆ ನಾನೇ ತೊಳೀತೀನಿ, ಅನುಮಾನವೇ ಬೇಡ. ಆದರೂ..." ಹೆಂಡತಿ ಮುಂದೆ ಕೇಳಿಸಿಕೊಳ್ಳದೆ ಸ್ಕ್ರಬ್ಬರ್ ಕೈಗಿಟ್ಟಳು. ಮ್ಯಾನೇಜರಿಗೆ "ಶುಕ್ರವಾರ ಕೋಡ್ ರೆಡಿ, ಆದರೂ..." ಅಂದಿದ್ದಕ್ಕೆ ಶನಿವಾರವೂ ಹೋಗಬೇಕಾಯಿತು.

2025ರಲ್ಲಿ ಮಹಾಶಯರು, "ಸಣ್ಣ ತಂಡಗಳದ್ದೇ ಕಾಲ, ಹನ್ನೆರಡನೇ ಶ್ರೇಯಾಂಕದವರ ಮೇಲೆ ಕಣ್ಣಿಡಿ" ಅಂದರು. ಎರಡು ಸಲ ದೊಡ್ಡವರನ್ನು ನಂಬಿ ಕೆಟ್ಟವನು ನಾನು, ತಕ್ಷಣ ಪಕ್ಷ ಬದಲಿಸಿದೆ. ನಾಲ್ಕು ಹನ್ನೆರಡರಲ್ಲಿ ಅವರು ಹೊಗಳಿದ ಎರಡನ್ನು ಆರಿಸಿದೆ. ಸ್ಯಾನ್ ಡಿಯೇಗೊ ಮೂರು ಪಾಯಿಂಟಿನಿಂದ ಸೋತಿತು, ಲಿಬರ್ಟಿ ಇಪ್ಪತ್ತೊಂಬತ್ತರಿಂದ. ಬಿಟ್ಟ ಎರಡಿದ್ದವಲ್ಲ, ಮೆಕ್‌ನೀಸ್ ಮತ್ತು ಕೊಲರಾಡೊ ಸ್ಟೇಟ್, ಅವೆರಡೂ ಗೆದ್ದವು. ಕೊನೆಗೆ ಸೆಮಿಫೈನಲ್ಲಿಗೆ ಬಂದದ್ದು ನಾಲ್ಕೂ ಒಂದನೇ ಶ್ರೇಯಾಂಕದವರು. ಅದಕ್ಕೆ ಮುಂಚೆ ಹೀಗಾಗಿದ್ದು 2008ರಲ್ಲಿ ಮಾತ್ರ. ಸಣ್ಣವರ ಕಾಲವಂತೆ!

ಉಳಿದಿದ್ದು ಡ್ಯೂಕ್ ಒಂದೇ. ಅದು ಅಲಬಾಮವನ್ನು ಸೋಲಿಸಿದ ಮರುದಿನವೇ ಯುಗಾದಿ. ದೇವಸ್ಥಾನದಲ್ಲಿ ಪಂಚಾಂಗ ಶ್ರವಣ. ನನ್ನ ರಾಶಿಗೆ ಆಯಕ್ಕಿಂತ ವ್ಯಯ ಹೆಚ್ಚು ಅಂದರು ಪುರೋಹಿತರು. ಆದರೂ ಗೀದರೂ ಅನ್ನಲಿಲ್ಲ, ಒಂದೇ ಮಾತು. ನಾನು ಡ್ಯೂಕ್ ಅಮಲಿನಲ್ಲಿ ಬೇವು ಬಿಟ್ಟು ಬೆಲ್ಲ ತಿಂದು ಬಂದೆ. ಮುಂದಿನ ಶನಿವಾರ ರಾತ್ರಿ ಹ್ಯೂಸ್ಟನ್ ಎದುರು ಡ್ಯೂಕಿಗೆ ಆರು ಪಾಯಿಂಟಿನ ಮುನ್ನಡೆ, ಉಳಿದಿದ್ದು 35 ಸೆಕೆಂಡ್. ಡೋನಟ್ ತಪ್ಪಿತು ಅಂತ ನೀರು ಕುಡಿಯಲು ಎದ್ದೆ. ಲೋಟ ತುಂಬಿಸಿ ಬರುವಷ್ಟರಲ್ಲಿ 70-67, ಹ್ಯೂಸ್ಟನ್.

ಪೈಪೋಟಿ ಗೆದ್ದದ್ದು ಅಕೌಂಟ್ಸಿನ ಒಬ್ಬಾಕೆ. ಮಗುವನ್ನು ಕರೆತರಲು ಹೊತ್ತಾಗಿತ್ತಂತೆ, ಮೇಲಿನ ಶ್ರೇಯಾಂಕದವರಿಗೇ ಟಿಕ್ ಹಾಕುತ್ತಾ ಹೋದಳಂತೆ.

ಊರಲ್ಲಿ ಅಪ್ಪ ಆಕಾಶವಾಣಿಯ ಹವಾಮಾನ ವರದಿ ಕೇಳಿಯೇ ಅಂಗಳದಲ್ಲಿ ಅಡಿಕೆ ಹರವುತ್ತಿದ್ದರು. ಒಣಹವೆ ಅಂದ ದಿನವೇ ಮಧ್ಯಾಹ್ನ ಗುಡುಗು. ಅಜ್ಜಿಯಿಂದ ಹಿಡಿದು ನಾವೆಲ್ಲ ಬುಟ್ಟಿ, ಗೋಣಿ, ಕಂಬಳಿ ಹಿಡಿದು ಓಡುತ್ತಿದ್ದೆವು. ಅರ್ಧ ಅಡಿಕೆ ನೆನೆಯುತ್ತಿತ್ತು. ಅಪ್ಪ ರೇಡಿಯೋಗೆ ಬೈದದ್ದು ನೆನಪಿಲ್ಲ. ಮರುದಿನ ಮತ್ತೆ ಅದರ ಮುಂದೆಯೇ ಕಾಫಿ. ಯಾಕಪ್ಪಾ ಕೇಳ್ತೀರಿ ಅಂದರೆ, "ಯಾರಾದ್ರೂ ಒಬ್ರು ಹೇಳ್ಬೇಕಲ್ಲ ಮಾರಾಯ" ಅನ್ನುತ್ತಿದ್ದರು. ಈಗ ಆ ಅಂಗಳದಲ್ಲಿ ಹರವುವವರೂ ಇಲ್ಲ, ಓಡುವವರೂ ಇಲ್ಲ.

ಅಂಗಡಿಯ ಹುಡುಗ ಡೋನಟ್ ಜೋಡಿಸುವಷ್ಟರಲ್ಲಿ ಫೋನ್ ತೆಗೆದೆ. ಫೈನಲ್ ಮುಗಿದು ಎಂಟು ಗಂಟೆ ಆಗಿಲ್ಲ, ಮುಂದಿನ ವರ್ಷದ ಮೊದಲ 25 ತಂಡಗಳ ಪಟ್ಟಿ ಆಗಲೇ ಬಂದಿತ್ತು. ಇಪ್ಪತ್ತೈದನೆಯದರವರೆಗೂ ಓದಿದೆ. ಮೊದಲನೆಯದರ ಹೆಸರನ್ನು ರಸೀದಿಯ ಹಿಂದೆ ಗುರುತು ಹಾಕಿ, ಜೇಬಿನಲ್ಲಿಟ್ಟುಕೊಂಡೆ.