ಏಳನೇ ಮಹಡಿಯಲ್ಲಿ ಒಂದು ‘ಹೋ’

ವಿಜಯಪುರ ನೋಡಿ ಬಂದವರನ್ನು ಗುರುತಿಸುವುದು ಸುಲಭ. ಅವರ ಗಂಟಲು ಕಟ್ಟಿರುತ್ತದೆ. ಅದು ಬಿಸಿಲಿನಿಂದಲೂ ಅಲ್ಲ, ಧೂಳಿನಿಂದಲೂ ಅಲ್ಲ, ಗೋಳಗುಮ್ಮಟದ ಮೇಲೆ ನಿಂತು ‘ಹೋ’ ಎಂದು ಅರಚಿದ್ದರಿಂದ. ಆದಿಲ್‌ಶಾಹಿಗಳು ಹತ್ತಿರ ಹತ್ತಿರ ಇನ್ನೂರು ವರ್ಷ ಆಳಿ, ಹೆಜ್ಜೆಗೊಂದು ಮಹಲು, ಬಾವಡಿ, ಬುರುಜು ಕಟ್ಟಿ ಬಿಟ್ಟುಹೋದ ಊರಿನಲ್ಲಿ ನಾವು ಮಾಡುವ ಕೆಲಸಗಳೆಂದರೆ ಕೂಗುವುದು, ಫೋಟೊ ತೆಗೆಸಿಕೊಳ್ಳುವುದು, ಖಾನಾವಳಿ ಹುಡುಕುವುದು. ಸಮಯ ಉಳಿದರೆ ಇನ್ನೊಮ್ಮೆ ಕೂಗುವುದು.

ಎಲ್ಲಿ ನಿಂತು ಕೂಗುತ್ತಿದ್ದೇವೆ ಎಂಬುದನ್ನೂ ಸ್ವಲ್ಪ ನೋಡೋಣ. ದಾಬೂಲದ ಯಾಕೂತ್ ಎಂಬ ಶಿಲ್ಪಿ ಕಟ್ಟಿದ ಗುಮ್ಮಟ ಇದು. ಹೊರಗಿನ ವ್ಯಾಸ 44 ಮೀಟರ್. ಕೆಳಗೆ ಸುಮಾರು 1,700 ಚದರ ಮೀಟರಿನ ಹಜಾರ, ನಡುವೆ ಹೆಸರಿಗೊಂದು ಕಂಬವಿಲ್ಲ. ಒಂದರೊಳಗೊಂದು ಹೆಣೆದುಕೊಂಡ ಕಮಾನುಗಳೇ ಅಷ್ಟು ಭಾರವನ್ನು ಗೋಡೆಗಳಿಗೆ ದಾಟಿಸುತ್ತವೆ. ಗುಮ್ಮಟದ ಬುಡದಲ್ಲಿ ಒಳಗಡೆ ಸುತ್ತಲೂ ಒಂದು ಗ್ಯಾಲರಿ. ಅಲ್ಲಿ ಗೋಡೆಗೆ ಬಾಯಿ ಹತ್ತಿರ ತಂದು ಮೆಲ್ಲಗೆ ಉಸುರಿದ ಮಾತು ಬಾಗಿದ ಗೋಡೆಯನ್ನೇ ಹಿಡಿದು ಜಾರುತ್ತಾ ಹೋಗಿ, ಸುಮಾರು 38 ಮೀಟರ್ ಆಚೆ ಕಿವಿ ಹಚ್ಚಿ ಕುಳಿತವನಿಗೆ ಪಕ್ಕದಲ್ಲೇ ಹೇಳಿದಂತೆ ಕೇಳಿಸುತ್ತದೆ. ಗೋಡೆಗೂ ಕಿವಿ ಇರುತ್ತದೆ ಎಂದು ನಮ್ಮ ಹಿರಿಯರು ಎಚ್ಚರಿಸಿದ್ದು ಸರಿಯೇ. ಈ ಗೋಡೆಗೆ ಬಾಯಿಯೂ ಇದೆ ಎನ್ನುವುದನ್ನು ಅವರು ಹೇಳಿರಲಿಲ್ಲ.

ಇಂಥ ಜಾಗಕ್ಕೆ ಮೂಲೆಯ ಗೋಪುರದ ಕತ್ತಲೆ ಮೆಟ್ಟಿಲುಗಳನ್ನು ಏಳು ಅಂತಸ್ತು ಹತ್ತಿ, ಇಳಿಯುವವರಿಗೆ ದಾರಿ ಬಿಡಲು ಗೋಡೆಗೆ ಬೆನ್ನು ಒತ್ತಿ, ಏದುಸಿರು ಬಿಡುತ್ತಾ ತಲುಪಿದ ಕೂಡಲೇ ನಾವು ಮಾಡುವ ಮೊದಲ ಕೆಲಸ ಆ ಉಸಿರನ್ನೆಲ್ಲ ಒಟ್ಟುಗೂಡಿಸಿ ಕೂಗುವುದು. ಯಾರ ಕೂಗೂ ಯಾರಿಗೂ ಕೇಳುವುದಿಲ್ಲ. ಇಲ್ಲಿನ ಪ್ರತಿಧ್ವನಿ ಏಳು ಸಲ ಬರುತ್ತದೆ ಎಂಬುದು ಊರ ಲೆಕ್ಕ. ನೂರು ಜನ ಒಟ್ಟಿಗೆ ಕೂಗಿದರೆ ಏಳುನೂರು. ಅದರಲ್ಲಿ ತನ್ನದು ಯಾವುದು ಎಂದು ಗೊತ್ತಾಗದೆ ಪ್ರತಿಯೊಬ್ಬನೂ ಇನ್ನೊಮ್ಮೆ, ಇನ್ನೂ ಜೋರಾಗಿ ಕೂಗುತ್ತಾನೆ. ಕಾವಲುಗಾರ ತಾಳ್ಮೆ ಕಳೆದುಕೊಂಡು ಸೀಟಿ ಊದುತ್ತಾನೆ. ಸೀಟಿಯೂ ಏಳು ಸಲ. ಇದು ಕಾರ್ಯಕ್ರಮದ ಭಾಗವೇ ಇರಬೇಕೆಂದು ಜನ ಚಪ್ಪಾಳೆ ತಟ್ಟುತ್ತಾರೆ. ಚಪ್ಪಾಳೆಯ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬೇಕು.

ಈ ಕಲೆ ನಮಗೆ ಹುಟ್ಟಿನಿಂದ ಬಂದದ್ದಲ್ಲ, ಶಾಲೆಯಲ್ಲಿ ಕಲಿಸಿದ್ದು. ಡಿಸೆಂಬರ್ ಬಂತೆಂದರೆ ಗುಮ್ಮಟದ ಮುಂದೆ ಶಾಲಾ ಪ್ರವಾಸದ ಬಸ್ಸುಗಳ ಸಾಲು. ವರ್ಷವಿಡೀ ಮೇಜು ಕುಟ್ಟಿ ‘ಗದ್ದಲ ಮಾಡಬೇಡಿ’ ಎಂದ ಅದೇ ಮೇಷ್ಟ್ರು ಇಲ್ಲಿ ಕೈ ಎತ್ತಿ, ‘ಎಲ್ಲರೂ ಒಟ್ಟಿಗೆ, ಒಂದು, ಎರಡು, ಮೂರು’ ಎನ್ನುತ್ತಾರೆ. ಸಮವಸ್ತ್ರದ ನೂರಿಪ್ಪತ್ತು ಗಂಟಲುಗಳು ವರ್ಷದ ಬಾಕಿಯನ್ನೆಲ್ಲ ಅಲ್ಲೇ ಚುಕ್ತಾ ಮಾಡುತ್ತವೆ. ಹುಡುಗಿಯೊಬ್ಬಳು ಮಾತ್ರ ಗೋಡೆಗೆ ಕಿವಿ ಹಚ್ಚಿ, ಇನ್ನೊಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು, ಆಚೆ ಬದಿಯ ಗೆಳತಿ ಏನು ಹೇಳಿದಳೆಂದು ಕೇಳಲು ನೋಡುತ್ತಿರುತ್ತಾಳೆ. ‘ಏಯ್, ಅಲ್ಲೇನು ಮಾಡುತ್ತಿದ್ದೀಯ? ಎಲ್ಲರ ಜೊತೆ ಕೂಗು’ ಎಂದು ಅವಳಿಗೆ ಬೈಗುಳ ಬೀಳುತ್ತದೆ. ವಾಪಸು ಹೋದ ಮೇಲೆ ಪ್ರಬಂಧ: ‘ನಾನು ಕಂಡ ಗೋಳಗುಮ್ಮಟ’. ಏನು ಕೇಳಿದೆ ಎಂದು ಯಾರೂ ಬರೆಯಿಸುವುದಿಲ್ಲ.

ಸರ್ ಸಿ. ವಿ. ರಾಮನ್ 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಗುಮ್ಮಟದಲ್ಲಿ ಇದೇ ಪಿಸುಮಾತಿನ ಸೋಜಿಗವನ್ನು ಅಭ್ಯಾಸ ಮಾಡಿದ್ದರು. ಆ ಪ್ರಯೋಗವನ್ನು ಅವರು ಶಾಲಾ ಪ್ರವಾಸದ ಹಂಗಾಮಿನಲ್ಲಿ ವಿಜಯಪುರದಲ್ಲಿ ಮಾಡಿದ್ದರೆ, ಶಬ್ದದ ಸಹವಾಸವೇ ಬೇಡವೆಂದು ಬೆಳಕಿನ ಕಡೆಗೆ ಇನ್ನೂ ಬೇಗ ಹೊರಳಿ, ನೊಬೆಲ್ ಬಹುಮಾನವನ್ನು 1930ಕ್ಕಿಂತ ಮೊದಲೇ ತಂದುಬಿಡುತ್ತಿದ್ದರೇನೋ.

ಪ್ರೇಮಿಗಳ ವಿಷಯ ಬೇರೆ. ಅವರು ‘ಐ ಲವ್ ಯೂ’ ಎಂದು ಕೂಗಿ ಏಳು ಸಲ ಒಪ್ಪಿಗೆ ಪಡೆದು ಪುಳಕಗೊಳ್ಳುತ್ತಾರೆ. ಏಳೂ ತನ್ನದೇ ದನಿ ಎನ್ನುವುದು ಆ ಹೊತ್ತಿಗೆ ಮನಸ್ಸಿಗೆ ಬರುವುದಿಲ್ಲ. ನಮ್ಮ ಕೆಲವು ನಾಯಕರಿಗೆ ಈ ಸುಖಕ್ಕಾಗಿ ಇಷ್ಟು ದೊಡ್ಡ ಕಟ್ಟಡವೇ ಬೇಕಾಗಿಲ್ಲ. ಹಿಂದೆ ಮುಂದೆ ಏಳು ಜನ ಇದ್ದರೆ ಸಾಕು.

ಇಷ್ಟಕ್ಕೂ ಇದು ಗೋರಿ. 1627ರಿಂದ 1656ರವರೆಗೆ ಆಳಿದ ಮುಹಮ್ಮದ್ ಆದಿಲ್‌ಶಾಹ ಕೊನೆಗೆ ನೆಮ್ಮದಿಯಾಗಿ ಮಲಗಲೆಂದು ಕಟ್ಟಿಸಿಕೊಂಡದ್ದು. ಜೊತೆಗೆ ಅವನ ಬೇಗಂಗಳು, ಪ್ರೀತಿಯ ರಂಭಾ, ಮಗಳು, ಮೊಮ್ಮಗ. ಹಜಾರದ ನಡುವಿನ ಕಟ್ಟೆಯ ಮೇಲೆ ಕಾಣುವವು ಕೇವಲ ಪ್ರತಿರೂಪಗಳು, ನಿಜವಾದ ಸಮಾಧಿಗಳು ಕೆಳಗಿನ ನೆಲಮಾಳಿಗೆಯಲ್ಲಿವೆ. ಇತಿಹಾಸಕಾರರು ಇದಕ್ಕೆ ಏನು ಕಾರಣ ಕೊಡುತ್ತಾರೋ ಕೊಡಲಿ, ನನ್ನ ಮಟ್ಟಿಗೆ ಸುಲ್ತಾನ ದೂರದೃಷ್ಟಿಯುಳ್ಳವನು. ಮುಂದೆ ಎಂಥ ಪ್ರಜೆಗಳು ಬರುತ್ತಾರೆಂದು ಅವನಿಗೆ ಗೊತ್ತಿತ್ತು.

ಕೂಗಿ ಮುಗಿದ ಮೇಲೆ ಊರಿನ ಉಳಿದ ಭಾಗವನ್ನು ಸರಸರ ಮುಗಿಸಬೇಕು, ಸಂಜೆಯೊಳಗೆ ಆಲಮಟ್ಟಿಯ ಕಾರಂಜಿಗೆ ತಲುಪಬೇಕಲ್ಲ. ಇಬ್ರಾಹಿಂ ರೋಜಾದ ಬಾಗಿಲಲ್ಲಿ ಇಳಿದ ತಂಡದ ಯಜಮಾನರು ಆಟೊ ಚಾಲಕನನ್ನು ಕೇಳುತ್ತಾರೆ:

‘ಇಲ್ಲಿ ಕೂಗಿದರೆ ಏನಾದರೂ ಆಗುತ್ತದೇನಪ್ಪಾ?’

‘ಇಲ್ಲ ಸರ್. ಇಲ್ಲಿ ಸುಮ್ಮನೆ ನೋಡುವುದು.’

‘ಹಾಗಾದರೆ ಹೊರಗಿನಿಂದಲೇ ನೋಡಿದರೆ ಆಗುವುದಿಲ್ಲವೇ?’

ಸರಸ್ವತಿಯನ್ನು ಸ್ತುತಿಸಿ ಪದ ಕಟ್ಟಿದ, ತನ್ನ ತಂಬೂರಿಗೆ ‘ಮೋತಿಖಾನ್’ ಎಂದು ಹೆಸರಿಟ್ಟಿದ್ದ ಎರಡನೇ ಇಬ್ರಾಹಿಂ ಆದಿಲ್‌ಶಾಹ ಮಲಗಿರುವ ಜಾಗ ಅದು. ಅಕ್ಷರಗಳನ್ನೇ ಹೆಣೆದು ಕಲ್ಲಿನ ಜಾಲಂದ್ರ ಮಾಡಿದ್ದಾರೆ, ಬೆಳಕು ಅಕ್ಷರಗಳ ಸಂದಿಯಿಂದ ಒಳಗೆ ಬರುತ್ತದೆ. ಆದರೆ ಕೂಗಿದರೆ ಉತ್ತರ ಕೊಡದ ಕಟ್ಟಡಕ್ಕೆ ನಮ್ಮಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಕೊಡುವ ಪದ್ಧತಿಯಿಲ್ಲ. ತಾಜ್ ಬಾವಡಿಗೆ ಅಷ್ಟೂ ಇಲ್ಲ. ಬಾರಾ ಕಮಾನಿನ ಗತಿಯೂ ಅದೇ. ಅಪ್ಪನ ಗುಮ್ಮಟವನ್ನು ಮೀರಿಸಲು ಹೊರಟ ಎರಡನೇ ಅಲಿ ಆದಿಲ್‌ಶಾಹ 1672ರಲ್ಲಿ ತೀರಿಕೊಂಡ, ಕಟ್ಟಡ ಕಮಾನುಗಳ ಮಟ್ಟಕ್ಕೇ ನಿಂತಿತು. ಬೆಂಗಳೂರಿನಿಂದ ಬಂದವರಿಗೆ ಅರ್ಧಕ್ಕೆ ನಿಂತ ಕಾಮಗಾರಿಯಲ್ಲಿ ಹೊಸದೇನೂ ಕಾಣದಿರುವುದು ಸಹಜ.

ಷೇರ್ಜಾ ಬುರುಜಿನ ಮೇಲಿನ ಮಲಿಕ್-ಎ-ಮೈದಾನ್ ತೋಪಿನ ಬಳಿ ಮಾತ್ರ ಸ್ವಲ್ಪ ಕಳೆ ಕಟ್ಟುತ್ತದೆ. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಗುವ ತೋಪು. ಅದರ ಬಾಯಿ ಆನೆಯನ್ನು ಅಗಿಯುತ್ತಿರುವ ಸಿಂಹದ ಬಾಯಿ. ಆ ಬಾಯಿಯೊಳಗೆ ತಲೆ ಇಟ್ಟು, ನಾಲಿಗೆ ಚಾಚಿ, ಫೋಟೊ ತೆಗೆಸಿಕೊಂಡರೆ ತೋಪಿನ ದರ್ಶನ ಮುಗಿಯಿತು. 1854ರಲ್ಲಿ ಇದನ್ನು ಹರಾಜಿಗೆ ಹಾಕಿದಾಗ ಕೂಗಿದ ಅತಿ ಹೆಚ್ಚಿನ ಬೆಲೆ ಬರೀ 150 ರೂಪಾಯಿ. ಕೊಡಲು ಮನಸ್ಸು ಬಾರದೆ ಹರಾಜು ರದ್ದಾಯಿತು, ತೋಪು ಉಳಿಯಿತು. ಇಡೀ ವಿಜಯಪುರದಲ್ಲಿ ಯಾರೋ ಕೂಗಿದ್ದನ್ನು ಕೇಳಿ ಅಧಿಕಾರಿಗಳು ಸರಿಯಾದ ತೀರ್ಮಾನ ಮಾಡಿದ ಪ್ರಸಂಗ ನನಗೆ ಗೊತ್ತಿರುವಂತೆ ಇದೊಂದೇ.

ಕೂಗಿಗಿಂತ ಗಟ್ಟಿಯಾದ ಗುರುತು ಬಿಟ್ಟುಹೋಗಬೇಕೆನ್ನುವವರೂ ಇದ್ದಾರೆ. ಅವರು ಜೇಬಿನಿಂದ ಮೊಳೆಯನ್ನೋ ಬೀಗದ ಕೈಯನ್ನೋ ತೆಗೆಯುತ್ತಾರೆ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ ಎಂದು ಪ್ರಾಚೀನ ಸ್ಮಾರಕಗಳ ಕಾಯ್ದೆಯ 2010ರ ತಿದ್ದುಪಡಿ ಹೇಳುತ್ತದೆ. ಪೊಲೀಸರಿಗೆ ಇದಕ್ಕಿಂತ ಸಲೀಸಾದ ಪ್ರಕರಣ ಬೇರೆ ಇಲ್ಲ. ಆರೋಪಿ ತನ್ನ ಹೆಸರು, ಊರು, ಇಸವಿ, ಸಹ ಆರೋಪಿಯ ಹೆಸರು, ನಡುವೆ ಉದ್ದೇಶವನ್ನು ಸ್ಪಷ್ಟಪಡಿಸಲು ಬಾಣ ನಾಟಿದ ಒಂದು ಹೃದಯ, ಎಲ್ಲವನ್ನೂ ಸ್ವಹಸ್ತಾಕ್ಷರದಲ್ಲಿ ಗಾರೆಯ ಮೇಲೆ ಕೆತ್ತಿ ತಪ್ಪೊಪ್ಪಿಗೆ ಸಲ್ಲಿಸಿರುತ್ತಾನೆ. ಆದರೂ ಯಾರೂ ಸಿಗುವುದಿಲ್ಲ.

ದಖ್ಖನ್ ಸುಲ್ತಾನರ ಸ್ಮಾರಕಗಳ ಗುಂಪಿನಲ್ಲಿ ವಿಜಯಪುರವೂ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿ ಸೇರಿದ್ದು 2014ರಲ್ಲಿ. ಅದೇ ವರ್ಷ ನವೆಂಬರ್ 1ರಂದು ಬಿಜಾಪುರ ವಿಜಯಪುರವಾಯಿತು. ಹೆಸರು ಕಾಯಂ ಆಯಿತು, ಪಟ್ಟಿ ತಾತ್ಕಾಲಿಕವಾಗಿಯೇ ಉಳಿಯಿತು. ನಾಳೆ ಪರಿಶೀಲನೆಗೆ ವಿದೇಶಿ ತಜ್ಞರು ಬಂದರೆಂದೇ ಇಟ್ಟುಕೊಳ್ಳಿ. ಗ್ಯಾಲರಿಯಲ್ಲಿ ಅವರು ಬೆಂಕಿಕಡ್ಡಿ ಗೀರುತ್ತಾರೆ, ಕಾಗದದ ಚೂರು ಹರಿಯುತ್ತಾರೆ, ಆಚೆ ಬದಿಯವರು ಕೇಳಿಸಲಿಲ್ಲವೆಂದು ಕೈಯಾಡಿಸುತ್ತಾರೆ. ಪಕ್ಕದಲ್ಲೇ ಸ್ವಾಗತ ಸಮಿತಿ ಒಕ್ಕೊರಲಿನಿಂದ ‘ಹೋ’ ಎನ್ನುತ್ತಿದೆ. ‘ನಿಗದಿತ ಸೌಲಭ್ಯ ಕಾರ್ಯನಿರ್ವಹಿಸುತ್ತಿಲ್ಲ’ ಎಂದು ಅವರು ಬರೆದುಕೊಂಡು ಹೋಗುತ್ತಾರೆ.

ಆಗ ವ್ಯವಸ್ಥೆ ಚುರುಕಾಗುತ್ತದೆ. ಪ್ರತಿಧ್ವನಿ ಕೆಟ್ಟಿರುವ ಬಗ್ಗೆ ತುರ್ತು ಸಭೆ. ಏಳರಲ್ಲಿ ಎಷ್ಟು ಕೆಟ್ಟಿವೆ, ಎಷ್ಟು ದುರಸ್ತಿಗೆ ಯೋಗ್ಯ ಎಂದು ವರದಿ ಕೊಡಲು ಉಪಸಮಿತಿ. ಅಂದಾಜು ಪಟ್ಟಿ ಸಿದ್ಧವಾಗಿ, ಅಲ್ಪಾವಧಿ ಟೆಂಡರ್ ಕರೆದು, ಪ್ರತಿಧ್ವನಿಗೆ ಒಂದರಂತೆ ಏಳು ಕಂತುಗಳಲ್ಲಿ ಹಣ ಬಿಡುಗಡೆಯಾಗುತ್ತದೆ. ಗುತ್ತಿಗೆದಾರರು ಗ್ಯಾಲರಿಯ ಸುತ್ತ ಏಳು ಧ್ವನಿವರ್ಧಕಗಳನ್ನು ಕಟ್ಟುತ್ತಾರೆ. ಉದ್ಘಾಟನೆಯ ದಿನ ಗುಂಡಿ ಒತ್ತಿದಾಗ ಐದು ಮಾತ್ರ ಮೊಳಗುತ್ತವೆ. ಉಳಿದೆರಡಕ್ಕೆ ಪೂರಕ ಅಂದಾಜು ಸಲ್ಲಿಸುವಂತೆ ಸ್ಥಳದಲ್ಲೇ ಸೂಚನೆ ಕೊಡಲಾಗುತ್ತದೆ. ಎಲ್ಲರೂ ಜೋರಾಗಿ ಕೂಗುತ್ತಿರುವುದರಿಂದ ಆ ಸೂಚನೆ ಎಂಜಿನಿಯರಿಗೆ ಕೇಳಿಸುವುದಿಲ್ಲ.